ಹೊಸ ಮ್ಯಾನೇಜರರಿಗೊಂದು ಶಾಲು

ಕಳೆದ ಗುರುವಾರ ಸಂಜೆ ಕೊನೆಗೂ ನನ್ನ ಹೆಗಲ ಮೇಲೆ ಒಂದು ಶಾಲು ಬಿತ್ತು. ಕುವೈತಿಗೆ ಬಂದು ಕಾಲು ಶತಮಾನ ದಾಟಿದವರನ್ನೆಲ್ಲ ನಮ್ಮ ಕನ್ನಡ ಸಂಘದವರು ವೇದಿಕೆಯ ಮೇಲೆ ಸಾಲಾಗಿ ಕೂರಿಸಿ ಸನ್ಮಾನ ಮಾಡಿದರು. ನನ್ನ ಸಾಧನೆ ಏನೆಂದು ನೀವು ಕೇಳಬಾರದು. ಇಕಾಮಾ ಎನ್ನುವ ವಾಸದ ಪರವಾನಗಿ ಮುಗಿಯುವ ಮುಂಚೆಯೇ ಅದನ್ನು ನವೀಕರಿಸಿಕೊಳ್ಳುತ್ತ, ಯಾರ ಕಣ್ಣಿಗೂ ಬೀಳದೆ ಇಲ್ಲೇ ಉಳಿದುಕೊಂಡದ್ದೇ ಸಾಧನೆ. ಆದರೂ ಹೆಸರು ಕರೆದಾಗ ಎದೆ ಸ್ವಲ್ಪ ಉಬ್ಬಿತೆಂದು ಒಪ್ಪಿಕೊಳ್ಳುತ್ತೇನೆ.

ಅಧ್ಯಕ್ಷರು ಪ್ಲಾಸ್ಟಿಕ್ ಚೀಲ ಹರಿದು ಶಾಲು ಬಿಡಿಸಿದರು. ಹೊಸ ಶಾಲಿಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬಹುದು. ನುಸಿಗುಳಿಗೆ, ಅಂಟು, ಯಾವುದೋ ಅಂಗಡಿಯ ಮೇಲಟ್ಟದ ಧೂಳು, ಮೂರೂ ಸೇರಿದ್ದು. ಅದು ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. ಮುಗುಳ್ನಗೆಯಲ್ಲ, ಹೊಟ್ಟೆ ಹಿಡಿದುಕೊಳ್ಳುವ ನಗು. ಫೋಟೋದಲ್ಲಿ ಅಧ್ಯಕ್ಷರು ಗಂಭೀರವಾಗಿ ನಿಂತಿದ್ದಾರೆ, ನಾನು ಕಣ್ಣು ಮುಚ್ಚಿ ಬಾಯಿ ತೆರೆದು ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಕೂತವನಂತೆ ಕಾಣುತ್ತೇನೆ. ಹೆಂಡತಿ ಮನೆಗೆ ಬರುವವರೆಗೂ ಒಂದು ಮಾತೂ ಆಡಲಿಲ್ಲ. ನಕ್ಕದ್ದು ಯಾಕೆಂದು ಅವಳಿಗೆ ಗೊತ್ತು, ಅದಕ್ಕೇ ಸಿಟ್ಟು ಹೆಚ್ಚು. ನಿಮಗೆ ಗೊತ್ತಿಲ್ಲವಲ್ಲ, ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಯುದ್ಧ ಮುಗಿದು ಊರೆಲ್ಲ ಮತ್ತೆ ಕಟ್ಟಿ ನಿಂತಿತ್ತು. ನಾನು ಎಣ್ಣೆ ಕೊಳವೆಗಳ ರಿಪೇರಿ ಮಾಡುವ ಒಂದು ಕಂಪನಿಯ ಸ್ಟೋರ್ ಆಫೀಸಿನಲ್ಲಿದ್ದೆ. ಫಹಾಹೀಲಿನಲ್ಲಿ ಮನೆ. ಮನೆ ಎಂದರೆ ಮೂರು ಕೋಣೆಯ ಫ್ಲ್ಯಾಟು, ಅದರಲ್ಲಿ ಎರಡು ಕೋಣೆ ನಮ್ಮದು, ಒಂದು ಸದಾನಂದ ಮತ್ತು ಸುಮತಿಯದು. ಅಡುಗೆಮನೆ ಒಂದೇ. ಹಾಗೆ ಹಂಚಿಕೊಂಡು ಬದುಕಿದವರಿಗೆ ಕುಕ್ಕರಿನ ಸೀಟಿ ಕೇಳಿದರೆ ಸಾಕು, ಅದು ಯಾರ ಬೇಳೆ ಎಂದು ತಿಳಿಯುತ್ತದೆ. ಇಬ್ಬರೂ ಕಾರ್ಕಳದ ಕಡೆಯವರು. ಮದುವೆಯಾಗಿ ನಾಲ್ಕು ವರ್ಷ ಅವಳು ಅಲ್ಲಿ, ಇವನು ಇಲ್ಲಿ. ಒಂದೇ ಸೂರಿನ ಕೆಳಗೆ ಬಂದು ಆಗಷ್ಟೇ ಕೆಲವು ತಿಂಗಳಾಗಿತ್ತು. ಸುಮತಿ ಬೆಳಿಗ್ಗೆ ಅವನ ಡಬ್ಬಿ ಕಟ್ಟುವಾಗ ಮೆಲ್ಲಗೆ ಹಾಡು ಗುನುಗುತ್ತಿದ್ದಳು. ನಮ್ಮ ಮನೆಯಲ್ಲಿ ಡಬ್ಬಿ ಕಟ್ಟುವಾಗ ಕೇಳುತ್ತಿದ್ದ ಸದ್ದೇ ಬೇರೆ, ಅದು ಇರಲಿ.

ಅವರು ಒಟ್ಟಿಗಿರುವಂತಾದದ್ದು ಬೇಸ್‌ಬಾಲಿನಿಂದ ಎಂದರೆ ನೀವು ನಂಬಲಿಕ್ಕಿಲ್ಲ. ಸದಾನಂದ ಮೊದಲು ಮರುಭೂಮಿಯ ನಡುವಿನ ಕ್ಯಾಂಪಿನಲ್ಲಿದ್ದ. ಅಟ್ಟಣಿಗೆ ಕಟ್ಟುವ ಕೆಲಸ. ಮೇಲೆ ನಿಂತವನಿಗೆ ಕಬ್ಬಿಣದ ಕ್ಲ್ಯಾಂಪು ಬೇಕಾದರೆ ಹಗ್ಗದಲ್ಲಿ ಕಟ್ಟಿ ಏರಿಸಬೇಕು ಎನ್ನುವುದು ನಿಯಮ. ಸದಾನಂದ ಕೆಳಗಿನಿಂದಲೇ ಎಸೆಯುತ್ತಿದ್ದ, ಅದು ಮೇಲಿನವನ ಅಂಗೈಯಲ್ಲೇ ಹೋಗಿ ಕೂರುತ್ತಿತ್ತು. ಒಂದು ದಿನ ಡೇಲ್ ಎನ್ನುವ ಅಮೆರಿಕದ ಇಂಜಿನಿಯರರ ಕಣ್ಣಿಗೆ ಇದು ಬಿತ್ತು. ಅವರು ಮೊದಲು ಚೆನ್ನಾಗಿ ಬೈದರು. ಆಮೇಲೆ, ಇನ್ನೊಂದು ಸಲ ಎಸೆ ನೋಡೋಣ ಎಂದರು. ಕಂಪನಿಯ ಬೇಸ್‌ಬಾಲ್ ತಂಡಕ್ಕೆ ಅವರೇ ಮ್ಯಾನೇಜರ್. ತಿಂಗಳೊಳಗೆ ಸದಾನಂದ ತಂಡದ ಪಿಚರ್ ಆದ, ನಮ್ಮ ಭಾಷೆಯಲ್ಲಿ ಬೌಲರ್. ಸಂಜೆ ಅಭ್ಯಾಸಕ್ಕೆ ಬರಬೇಕಲ್ಲ, ಹಾಗಾಗಿ ಕ್ಯಾಂಪಿನಿಂದ ಫಹಾಹೀಲಿನ ವರ್ಕ್‌ಶಾಪಿಗೆ ವರ್ಗವೂ ಆಯಿತು. ಕ್ಯಾಂಪಿನಲ್ಲಿ ಹೆಂಡತಿಯನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ, ಇಲ್ಲಿ ಇಟ್ಟುಕೊಳ್ಳಬಹುದಿತ್ತು. ಅಮೆರಿಕನ್ನರೂ ಫಿಲಿಪಿನೋಗಳೂ ತುಂಬಿದ್ದ ಆ ತಂಡದಲ್ಲಿ ನಮ್ಮವನು ಅವನೊಬ್ಬನೇ.

ನಮ್ಮವನು ಇದ್ದ ಮೇಲೆ ನಾವು ಸುಮ್ಮನಿರುತ್ತೇವೆಯೇ? ಶುಕ್ರವಾರದ ಮ್ಯಾಚಿಗೆ ಏಳೆಂಟು ಕಾರುಗಳಲ್ಲಿ ನಮ್ಮ ಮೆರವಣಿಗೆ ಹೊರಡತೊಡಗಿತು. ತುಳುವರು, ಕೊಂಕಣಿಯವರು, ಮಕ್ಕಳು, ಚಹಾದ ಫ್ಲಾಸ್ಕು, ನನ್ನ ಹೆಂಡತಿಯ ಗೋಳಿಬಜೆ. ಆಟದ ತಲೆಬುಡ ಗೊತ್ತಿರಲಿಲ್ಲ. ಚೆಂಡು ನೆಲಕ್ಕೆ ಪುಟಿಯದಂತೆ ಎಸೆಯುವುದು ನಮಗೆ ಮೋಸದಂತೆ ಕಾಣುತ್ತಿತ್ತು. ಬ್ಯಾಟು ಬೀಸಿದವನು ಮೂರು ಸಲ ತಪ್ಪಿದರೆ ಔಟ್ ಎನ್ನುವುದಂತೂ ನಮ್ಮಂಥ ಟುಕ್‌ಟುಕ್ ಕ್ರಿಕೆಟಿಗರಿಗೆ ತೀರ ಅನ್ಯಾಯವೆನಿಸಿತು. ಒಂದು ವರ್ಷ ಕಳೆಯುವ ಹೊತ್ತಿಗೆ ನಾವೇ ಅಕ್ಕಪಕ್ಕದವರಿಗೆ ಪಾಠ ಹೇಳತೊಡಗಿದ್ದೆವು.

ನಮ್ಮ ಮುಖಂಡರು ಹಿಲರಿ. ಶಿರ್ವದ ಕಡೆಯ ಕೊಂಕಣಿ ಕ್ರೈಸ್ತರು. ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ಕೆಲಸ. ಇಡೀ ದಿನ ಜನರಿಗೆ ಉಸಿರು ಬಿಗಿಹಿಡಿಯಿರಿ, ಅಲುಗಾಡಬೇಡಿ ಎಂದು ಹೇಳುವುದರಲ್ಲೇ ಕಳೆದು ಅವರ ಸ್ವಂತ ಮಾತೆಲ್ಲ ಸಂಜೆಗೆ ಉಳಿಯುತ್ತಿತ್ತು. ಹುಟ್ಟುಹಬ್ಬವಾಗಲಿ, ನಾಮಕರಣವಾಗಲಿ, ಯಾರೋ ಹೊಸ ಫ್ರಿಜ್ಜು ತಂದದ್ದಾಗಲಿ, ಹಿಲರಿ ಎದ್ದು ನಿಂತು ನಾಲ್ಕು ಮಾತು ಆಡದೆ ಮುಗಿಯುತ್ತಿರಲಿಲ್ಲ. ಮೈದಾನದಲ್ಲಿ ಅವರ ಗಂಟಲು ಒಂದು ಕಡೆ, ನಾವೆಲ್ಲ ಸೇರಿ ಇನ್ನೊಂದು ಕಡೆ. ಅವರಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿರಲಿಲ್ಲ, ಹಾಗಾಗಿ ನನ್ನ ಕಾರಿನಲ್ಲೇ ಸವಾರಿ. ದಾರಿಯುದ್ದಕ್ಕೂ ನನ್ನ ಬ್ರೇಕನ್ನೂ ಅವರೇ ಒತ್ತುತ್ತಿದ್ದರು.

ಹೀಗಿರುವಾಗ ಡೇಲ್ ಅವರ ಕರಾರು ಮುಗಿದು ಅವರು ಊರಿಗೆ ಹೊರಟುಹೋದರು. ಹೊಸ ಮ್ಯಾನೇಜರನ್ನು ಗೊತ್ತು ಮಾಡಿದ್ದಾರೆ, ಮೊದಲ ಮ್ಯಾಚಿಗೆ ಬರುತ್ತಾರೆ ಎಂದಷ್ಟೇ ಸುದ್ದಿ. ಸದಾನಂದನಿಗೂ ಹೆಚ್ಚು ಗೊತ್ತಿರಲಿಲ್ಲ, ರಾತ್ರಿ ಪಾಳಿಯ ಕಾರಣ ಅವನು ಆ ವಾರ ಅಭ್ಯಾಸಕ್ಕೇ ಹೋಗಿರಲಿಲ್ಲ. ನಮ್ಮ ಹಾಲಿನಲ್ಲಿ ಸಭೆ ಸೇರಿತು. ಒಬ್ಬರು, ಹೊಸಬರು ತಮ್ಮದೇ ಪಿಚರನ್ನು ಕರೆತರುತ್ತಾರಂತೆ ಎಂದರು. ಇನ್ನೊಬ್ಬರು, ಬ್ರಿಟಿಷರಂತೆ, ಆಟವನ್ನೇ ನಿಲ್ಲಿಸಿ ಕ್ರಿಕೆಟ್ ಶುರು ಮಾಡುತ್ತಾರಂತೆ ಎಂದರು. ಕ್ರಿಕೆಟ್ ಎಂದಾಗ ಎಲ್ಲರ ಮುಖದಲ್ಲೂ ಒಂದು ಕ್ಷಣ ಆಸೆ ಮೂಡಿ ಮಾಯವಾಯಿತು. ಸದಾನಂದ ಮೂಲೆಯಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದ. ಅವನನ್ನು ತಂಡದಿಂದ ಬಿಟ್ಟರೆ ವಾಪಸು ಕ್ಯಾಂಪು, ಸುಮತಿ ವಾಪಸು ಕಾರ್ಕಳ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಹಿಲರಿ ಎದ್ದು ನಿಂತರು. "ನಾವು ಹೆದರುವುದು ಎಂತಕ್ಕೆ ಮಾರಾಯ್ರೆ? ಹೊಸ ಮನುಷ್ಯ ಬರ್ತಾನೆ. ನಮ್ಮ ಪದ್ಧತಿ ಎಂತ? ಸನ್ಮಾನ. ಒಂದು ಶಾಲು ಹಾಕುವ, ಒಂದು ಪೇಟ ಇಡುವ, ಹಣ್ಣಿನ ಬುಟ್ಟಿ ಕೊಡುವ. ಶಾಲು ಹಾಕಿಸಿಕೊಂಡವ ನಮ್ಮ ಹುಡುಗನನ್ನು ತೆಗೀಲಿಕ್ಕೆ ಉಂಟಾ? ಅವನಿಗೆ ಮನಸ್ಸು ಬರ್ಲಿಕ್ಕಿಲ್ಲ."

ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ನಮ್ಮ ಕರಾವಳಿಯವರಿಗೆ ಶಾಲಿನ ಮೇಲೆ ಇರುವ ವಿಶ್ವಾಸ ಔಷಧಿಯ ಮೇಲೂ ಇಲ್ಲ. ಶಾಲು ತರುವ ಕೆಲಸ ನನ್ನ ಪಾಲಿಗೆ ಬಂತು. ಫಹಾಹೀಲಿನ ಮಾರುಕಟ್ಟೆಯ ಅಂಗಡಿಯವನು ಮೇಲಟ್ಟದಿಂದ ಇಳಿಸಿಕೊಟ್ಟ.

ಶುಕ್ರವಾರ ಬಂತು. ನಾವು ಮ್ಯಾಚಿಗಿಂತ ಎಷ್ಟೋ ಮುಂಚೆ ಹೋಗಿ ಗೇಟಿನ ಹತ್ತಿರ ನಿಂತೆವು. ಸದಾನಂದ ಆಗಲೇ ಒಳಗೆ ಹೋಗಿ ಕೈ ಪಳಗಿಸಿಕೊಳ್ಳುತ್ತಿದ್ದ. ಡೇಲ್ ಯಾವಾಗಲೂ ಸೈಟಿನ ಅಂಗಿ, ಇಸ್ತ್ರಿಯ ಪ್ಯಾಂಟು ಹಾಕಿ ತಮ್ಮದೇ ಕಾರಿನಲ್ಲಿ ಬರುತ್ತಿದ್ದರು. ಮ್ಯಾನೇಜರ್ ಎಂದರೆ ಹಾಗೆ ಎಂದು ನಾವು ತಿಳಿದಿದ್ದೆವು. ಸ್ವಲ್ಪ ಹೊತ್ತಿನಲ್ಲಿ ಒಂದು ಬಿಳಿ ಕಾರು ಬಂದು ನಿಂತಿತು. ಎತ್ತರದ ಬಿಳಿಯ ಮನುಷ್ಯ ಇಳಿದ. ಗರಿಗರಿಯಾದ ಕಡುನೀಲಿ ಅಂಗಿ, ಬೂದು ಪ್ಯಾಂಟು, ಕೈಯಲ್ಲಿ ಚರ್ಮದ ಚೀಲ. ಎರಡೂ ತಂಡದವರು ಎದ್ದು ಹೋಗಿ ಕೈ ಕುಲುಕಿದರು. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಹಿಲರಿ ಮುಂದಡಿಯಿಟ್ಟರು. ಕೈಯಲ್ಲಿ ಹಣ್ಣಿನ ಬುಟ್ಟಿ, ಶಾಲು ಬಿಡಿಸಲು ಕೈ ಬಿಡುವಿಲ್ಲ. ಪಕ್ಕದಲ್ಲೇ ನಮ್ಮ ತಂಡದ ಬಸ್ಸಿನಿಂದ ಇಳಿದ ಒಬ್ಬ ಕುಳ್ಳ, ಡೊಳ್ಳುಹೊಟ್ಟೆಯ ಫಿಲಿಪಿನೋ ನಿಂತಿದ್ದ. ಐವತ್ತು ದಾಟಿದ ವಯಸ್ಸು. ಆಟಗಾರರದೇ ಬಿಗಿಯಾದ ಸಮವಸ್ತ್ರ. ಸಾಮಾನು ಹೊರಲು ಬಂದ ಹಳೆಯ ಆಟಗಾರನಿರಬೇಕು ಎಂದುಕೊಂಡೆವು. "ಭಾಯಿ, ಜರಾ ಪಕಡೋ" ಎಂದು ಹಿಲರಿ ಬುಟ್ಟಿಯನ್ನು ಅವನ ಕೈಗೆ ಕೊಟ್ಟರು. ಅವನು ಮಾತಾಡದೆ ಹಿಡಿದುಕೊಂಡ. ಶಾಲು ಬಿತ್ತು, ಪೇಟ ಏರಿತು, ನಾವು ಚಪ್ಪಾಳೆ ತಟ್ಟಿದೆವು. ನೀಲಿ ಅಂಗಿಯವರು ಇದು ಈ ಊರಿನ ಯಾವುದೋ ಪದ್ಧತಿ ಎಂದುಕೊಂಡು ತಲೆ ಬಾಗಿಸಿ ಸ್ವೀಕರಿಸಿದರು. ಹಿಲರಿ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಿ, ನಮ್ಮ ಸದಾನಂದನನ್ನು ನಿಮ್ಮ ಮಡಿಲಿಗೆ ಹಾಕಿದ್ದೇವೆ ಎಂದು ಮುಗಿಸಿದರು.

ಆಗ ಎದುರು ತಂಡದ ಕಡೆಯಿಂದ ಕೂಗೆದ್ದಿತು. ಇದು ಅಂಪೈರೋ, ಮದುಮಗನೋ ಎಂದು ಅವರ ಮ್ಯಾನೇಜರ್ ಕೇಳುತ್ತಿದ್ದರು.

ಅದುವರೆಗೆ ನಮ್ಮ ಮ್ಯಾಚುಗಳಿಗೆ ಅಂಪೈರ್ ಎಂದರೆ ಇದ್ದವರಲ್ಲಿ ಯಾರೋ ಒಬ್ಬ ಟೀ ಶರ್ಟಿನವನು. ಆ ವರ್ಷದಿಂದ ಸರಿಯಾದ ಅಂಪೈರನ್ನು ಕರೆಸಿದ್ದರು, ಸರಿಯಾದ ಸಮವಸ್ತ್ರದಲ್ಲಿ. ಇನ್ನು ಬೇಸ್‌ಬಾಲಿನಲ್ಲಿ ಮ್ಯಾನೇಜರ್ ಆದವನು ಆಟಗಾರರ ಬಟ್ಟೆಯನ್ನೇ ತೊಡುತ್ತಾನೆ, ಅದು ಅವರ ಸಂಪ್ರದಾಯ. ಡೇಲ್ ಅದನ್ನು ಪಾಲಿಸುತ್ತಿರಲಿಲ್ಲ, ಹೊಸಬರು ಪಾಲಿಸಿದ್ದರು. ಹೊಸಬರು ಯಾರೆಂದರೆ, ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದವರು. ಹೆಸರು ಬೆನ್. ಒಬ್ಬ ಫಿಲಿಪಿನೋ ಅಮೆರಿಕನ್ನರಿಗೆ ಮ್ಯಾನೇಜರ್ ಆಗಬಹುದು ಎನ್ನುವುದು ನಮ್ಮ ತಲೆಗೆ ಹೊಳೆದಿರಲೇ ಇಲ್ಲ. ಪಾಸ್‌ಪೋರ್ಟ್ ನೋಡಿ ಸಂಬಳ ಕೊಡುವ ಊರಿನಲ್ಲಿದ್ದು ನಮ್ಮ ಕಣ್ಣೂ ಹಾಗೇ ಆಗಿತ್ತು.

ಅಂಪೈರ್ ಶಾಲನ್ನು ಮಡಚಿ ಪೇಟದ ಜೊತೆ ಬೆಂಚಿನ ಮೇಲಿಟ್ಟು, ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡರು. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಪಿಚರ್ ಎಸೆದ ಚೆಂಡು ಬ್ಯಾಟಿನವನ ಎದೆಗೂ ಮೊಣಕಾಲಿಗೂ ನಡುವೆ, ಕಣ್ಣಿಗೆ ಕಾಣದ ಒಂದು ಕಿಟಕಿಯೊಳಗೆ ಹಾದುಹೋಗಬೇಕು. ಹೋಯಿತೋ ಇಲ್ಲವೋ ಎಂದು ಹೇಳುವವರು ಅಂಪೈರ್. ಸದಾನಂದನ ಸೊಗಸೆಲ್ಲ ಆ ಕಿಟಕಿಯ ಅಂಚಿನಲ್ಲಿತ್ತು. ಅಂದು ಅಂಚಿಗೆ ಬಿದ್ದ ಒಂದು ಚೆಂಡನ್ನೂ ಅಂಪೈರ್ ಒಪ್ಪಲಿಲ್ಲ. ಶಾಲಿನ ಋಣ ತಮಗಿಲ್ಲ ಎಂದು ಅವರು ಲೋಕಕ್ಕೆ ತೋರಿಸಬೇಕಿತ್ತು, ಪಾಪ. ನಾವು ಕೂಗಿದೆವು. ಕೂಗಿದಷ್ಟೂ ಅವರ ತಲೆ ಅಡ್ಡಡ್ಡ ಆಡಿತು. ಪ್ರತಿ ಎಸೆತದ ನಂತರ ಸದಾನಂದ ನಮ್ಮ ಕಡೆ ತಿರುಗಿ ನೋಡುತ್ತಿದ್ದ. ನಾವು ಇನ್ನಷ್ಟು ಜೋರಾಗಿ ಕೂಗುತ್ತಿದ್ದೆವು.

ಕೊನೆಗೆ ಬೆನ್ ಎದ್ದರು. ಅವಸರವಿಲ್ಲದೆ ಮೈದಾನದ ನಡುವಿನವರೆಗೆ ನಡೆದು ಹೋಗಿ ಕೈ ಚಾಚಿದರು. ಚೆಂಡು ಕೊಟ್ಟು ಹೊರಡು ಎಂದು ಅದರ ಅರ್ಥ. ಸದಾನಂದ ಚೆಂಡನ್ನು ಅವರ ಕೈಗಿಟ್ಟು ತಲೆ ತಗ್ಗಿಸಿ ಹೊರಗೆ ಬಂದ. ಆಟ ಇನ್ನೂ ಅರ್ಧವೂ ಆಗಿರಲಿಲ್ಲ. ನಮ್ಮ ಕಡೆ ಯಾರೂ ಗೋಳಿಬಜೆ ಮುಟ್ಟಲಿಲ್ಲ.

ಮರುದಿನ ಸಂಜೆ ನಾನು ಆಫೀಸಿನಿಂದ ಬಂದಾಗ ಸುಮತಿ ಸ್ಟೂಲು ಹತ್ತಿ ಕಪಾಟಿನ ಮೇಲಿದ್ದ ಸೂಟ್‌ಕೇಸನ್ನು ಇಳಿಸಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ನನ್ನನ್ನು ನೋಡಿ, "ಧೂಳು ಆಗಿತ್ತು ಅಣ್ಣ, ಅದಕ್ಕೆ" ಎಂದಳು. ಆ ವಾರ ಅಡುಗೆಮನೆಯಲ್ಲಿ ಹಾಡು ಕೇಳಲಿಲ್ಲ. ಶಾಲು ತಂದವನು ನಾನಲ್ಲವೇ.

ಮುಂದಿನ ಶುಕ್ರವಾರ ಮ್ಯಾಚಿರಲಿಲ್ಲ. ಇಲ್ಲಿ ರಜೆ ಶುಕ್ರವಾರವಾದ್ದರಿಂದ ಕ್ರೈಸ್ತರ ದೊಡ್ಡ ಪೂಜೆಯೂ ಶುಕ್ರವಾರವೇ. ಹಿಲರಿಯವರನ್ನು ಇಗರ್ಜಿಗೆ ಬಿಟ್ಟು, ನಾನು ಹೊರಗೆ ಕಾರಿನಲ್ಲಿ ಪೇಪರ್ ಓದುತ್ತ ಕೂತಿದ್ದೆ. ಪೂಜೆಯ ನಡುವೆ ಅಕ್ಕಪಕ್ಕದವರ ಕೈ ಹಿಡಿದು ಶಾಂತಿ ಹಾರೈಸುವ ಕ್ರಮ ಅವರಲ್ಲಿದೆ. ಹಿಲರಿ ಕೈ ಚಾಚಿ ಹಿಂದಕ್ಕೆ ತಿರುಗಿದರೆ ಹಿಂದಿನ ಬೆಂಚಿನಲ್ಲಿ ಬೆನ್. "ಶಾಂತಿ ಇರಲಿ ಭಾಯಿ. ಇವತ್ತು ಹಿಡಿದುಕೊಳ್ಳಲಿಕ್ಕೆ ಬುಟ್ಟಿ ಇಲ್ಲವಾ?" ಎಂದು ಬೆನ್ ಮೆಲ್ಲಗೆ ಕೇಳಿದರಂತೆ. ದೇವರ ಮುಂದೆ ಅಷ್ಟು ನಾಚಿಕೆ ಪಾಪನಿವೇದನೆಯಲ್ಲೂ ಆಗಿರಲಿಲ್ಲ ಎಂದು ಹಿಲರಿ ಆಮೇಲೆ ಹೇಳಿದರು.

ಪೂಜೆ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಹೊರಗೆ ಬಂದರು. ಮೂವರೂ ಒಂದು ಚಹಾದ ಅಂಗಡಿಗೆ ಹೋದೆವು. ಹಿಲರಿ ಕ್ಷಮೆಯ ಭಾಷಣ ಶುರು ಮಾಡುವಷ್ಟರಲ್ಲಿ ಬೆನ್ ಅಡ್ಡ ಬಂದರು. ಅವರದು ಅರ್ಧ ಇಂಗ್ಲಿಷ್, ಅರ್ಧ ವರ್ಕ್‌ಶಾಪಿನ ಹಿಂದಿ.

"ನಿಮ್ಮ ಹುಡುಗ ಒಳ್ಳೆಯವನು, ಕೈ ಚೆನ್ನಾಗಿದೆ. ಆದರೆ ಅವನು ನಿಮಗಾಗಿ ಎಸೆಯುತ್ತಾನೆ. ಎಸೆದು ನಿಮ್ಮನ್ನು ನೋಡುತ್ತಾನೆ. ನೀವು ನಕ್ಕರೆ ಸರಿ, ನೀವು ಅತ್ತರೆ ಖಲಾಸ್."

"ಹಾಗಾದರೆ ಅವನನ್ನು ತೆಗೀತೀರಾ?" ಎಂದು ನಾನು ಕೇಳಿಯೇಬಿಟ್ಟೆ.

"ನೀವು ಬರದಿದ್ದರೆ ಇಟ್ಟುಕೊಳ್ಳುತ್ತೇನೆ. ಈ ಸೀಸನ್ ಒಬ್ಬರೂ ಬರಬೇಡಿ. ಯಾಕೆಂದು ಅವನಿಗೆ ಹೇಳಲೂಬೇಡಿ. ಹೇಳಿದರೆ ನಿಮ್ಮ ಖಾಲಿ ಜಾಗವನ್ನೇ ನೋಡುತ್ತ ನಿಲ್ಲುತ್ತಾನೆ."

ಸದಾನಂದ ಡ್ಯೂಟಿಯಲ್ಲಿದ್ದ ಹೊತ್ತು ನೋಡಿ ನಮ್ಮ ಹಾಲಿನಲ್ಲಿ ಮತ್ತೆ ಸಭೆ ಸೇರಿತು. ಬೆಂಕಿ ಹತ್ತಿತು ಎನ್ನಬಹುದು. ಇವರು ಯಾರು ನಮಗೆ ಬರಬೇಡಿ ಎನ್ನಲಿಕ್ಕೆ? ಮೈದಾನ ಇವರದ್ದಾ? ಅವನನ್ನು ಮೇಲೆ ತಂದದ್ದು ನಾವಲ್ಲವಾ? ಕಂಪನಿಗೆ ದೂರು ಕೊಡೋಣ ಎಂಬಲ್ಲಿಯವರೆಗೆ ಹೋಯಿತು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಮತಿ ಮಾತಾಡಿದಳು. ನಾವೆಲ್ಲ ಸೇರಿದ ಕಡೆ ಅವಳು ಬಾಯಿಬಿಟ್ಟದ್ದು ಅದೇ ಮೊದಲು.

"ನೀವು ಬರಬೇಡಿ ಅಣ್ಣ" ಎಂದಳು. "ಬೇಜಾರು ಮಾಡ್ಬೇಡಿ. ನಿಮ್ಮ ಪ್ರೀತಿ ನಂಗೆ ಗೊತ್ತುಂಟು. ಆದ್ರೆ ಮ್ಯಾಚಿನ ಹಿಂದಿನ ದಿನ ಇವರಿಗೆ ಊಟ ಸೇರುದಿಲ್ಲ. ಸೋತ್ರೆ ನಿಮಗೆಲ್ಲ ಹೇಗೆ ಮುಖ ತೋರಿಸುದು ಅಂತ ಒಂದೇ ಯೋಚನೆ. ನಾನು ಬಂದದ್ದೇ ಈಗ. ನಂಗೆ ಇಲ್ಲಿ ಇರ್ಬೇಕು."

ಹಿಲರಿ ಎದ್ದು ನಿಂತರು, ಬಾಯಿ ತೆರೆದರು, ಮತ್ತೆ ಕೂತುಬಿಟ್ಟರು. ಅವರನ್ನು ಹಾಗೆ ನೋಡಿದ್ದು ನಾನು ಅದೇ ಮೊದಲು.

ಹಾಗೆ ನಾವು ಹೋಗುವುದನ್ನು ನಿಲ್ಲಿಸಿದೆವು. ಸದಾನಂದ ಕೇಳಿದಾಗ ಒಬ್ಬರಿಗೆ ಬೆನ್ನುನೋವು, ಒಬ್ಬರಿಗೆ ಮಗಳ ಪರೀಕ್ಷೆ, ನನಗೆ ಓವರ್‌ಟೈಮ್. ಅವನು ಎರಡನೆಯ ಸಲ ಕೇಳಲಿಲ್ಲ.

ಆದರೆ ಶುಕ್ರವಾರ ಎನ್ನುವುದು ಬಂದೇ ಬರುತ್ತದಲ್ಲ. ಮೊದಲ ಶುಕ್ರವಾರ ನಾನು ಮೀನು ತರುತ್ತೇನೆಂದು ಹೇಳಿ ಹಿಲರಿಯವರನ್ನು ಕೂರಿಸಿಕೊಂಡು ಹೊರಟೆ. ಕಾರು ತಾನಾಗಿ ಕರಾವಳಿಯ ರಸ್ತೆಗೆ ತಿರುಗಿ ಮೈದಾನದ ಬೇಲಿಯ ಹೊರಗೆ ಹೋಗಿ ನಿಂತಿತು. ನೋಡಿದರೆ ಅಲ್ಲಿ ಮುಂಚೆಯೇ ಮೂರು ಕಾರುಗಳು, ಎಲ್ಲ ನಮ್ಮವರವೇ. ಒಬ್ಬರು ಪೆಟ್ರೋಲ್ ಹಾಕಿಸಲು ಬಂದವರು, ಒಬ್ಬರು ಔಷಧಿ ತರಲು ಬಂದವರು. ಮರಳು ತಡೆಯಲು ಬೇಲಿಗೆ ಹಸಿರು ಬಟ್ಟೆ ಕಟ್ಟಿದ್ದರು, ಒಳಗಿನದೇನೂ ಕಾಣುತ್ತಿರಲಿಲ್ಲ. ಒಳಗಿನವರಿಗೆ ನಾವೂ ಕಾಣುತ್ತಿರಲಿಲ್ಲ. ಗಾಜು ಒಂದಿಷ್ಟು ಇಳಿಸಿಕೊಂಡು ಕೂತೆವು. ಚೆಂಡು ಹಿಡಿಯುವವನ ಚರ್ಮದ ಕೈಗವಸಿಗೆ ಬೀಳುವ ಥಪ್ ಸದ್ದು ಕೇಳುತ್ತಿತ್ತು. ಸದಾನಂದನ ಥಪ್ಪಿಗೂ ಬೇರೆಯವರ ಥಪ್ಪಿಗೂ ವ್ಯತ್ಯಾಸ ಎರಡು ವಾರದಲ್ಲಿ ನಮಗೆ ತಿಳಿಯಿತು. ಅವನದು ಒಣಗಿದ ಸದ್ದು, ಬಾಗಿಲು ಚೆನ್ನಾಗಿ ಕೂತು ಮುಚ್ಚಿಕೊಂಡ ಹಾಗೆ.

ಸೀಸನ್ ಮುಗಿಯುವವರೆಗೂ ನಾವು ಹೋದೆವು. ಕೊನೆಯ ಮ್ಯಾಚಿನ ಹೊತ್ತಿಗೆ ಬೇಸಿಗೆ ಬಂದು ಕಾರೊಳಗೆ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಎಂಜಿನ್ ಸದ್ದಿಗೆ ಥಪ್ ಕೇಳದೆಂದು ಹಿಲರಿ ಏಸಿ ಹಾಕಲು ಬಿಡಲಿಲ್ಲ. ಅಂದು ಬೆನ್ ಎದ್ದು ಹೋಗಿರಲಿಕ್ಕಿಲ್ಲ, ಮೊದಲಿನಿಂದ ಕೊನೆಯವರೆಗೂ ಅದೇ ಥಪ್. ಒಳಗೆ ಕೂಗು ಎದ್ದಾಗ ಗೆದ್ದೆವೆಂದು ಗೊತ್ತಾಯಿತು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಹಿಲರಿ ಗಟ್ಟಿಯಾಗಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು, ತುಟಿ ಬಿಗಿದಿತ್ತು. ಇಡೀ ಸೀಸನ್ನಿನಲ್ಲಿ ಆ ಕಾರಿನೊಳಗೆ ಮ್ಯಾಚ್ ನಡೆಯುವಾಗ ಆ ಮನುಷ್ಯ ಒಂದು ಮಾತೂ ಆಡಿರಲಿಲ್ಲ.

ಸದಾನಂದ ಫಹಾಹೀಲಿನಲ್ಲೇ ಉಳಿದ, ಸೂಟ್‌ಕೇಸು ಕಪಾಟಿನ ಮೇಲೇರಿತು. ಮಕ್ಕಳಾದವು. ತಂಡ ಕೆಲವು ವರ್ಷಗಳಲ್ಲಿ ಚದುರಿಹೋಯಿತು. ಹಿಲರಿ ನಿವೃತ್ತರಾಗಿ ಶಿರ್ವಕ್ಕೆ ಹೋದರು. ಅವರ ಬೀಳ್ಕೊಡುಗೆಯ ದಿನ ಸದಾನಂದ ಬರಲಿಲ್ಲ, ಶಿಫ್ಟ್ ಇದೆ ಎಂದಿದ್ದ. ನಾನು ನಂಬಿದ್ದೆ.

ನನಗೆ ಶಾಲು ಬಿದ್ದ ಮರುದಿನ ಶುಕ್ರವಾರ ಮಧ್ಯಾಹ್ನ ಅವನ ಮನೆಯಲ್ಲಿ ನಮಗೆ ಊಟ. ಕಾರ್ಯಕ್ರಮಕ್ಕೆ ಅವನೂ ಬಂದಿದ್ದ. ಊಟದ ಮಧ್ಯೆ ಅವನ ಮಗ, "ಅಂಕಲ್, ವೈ ವರ್ ಯೂ ಲಾಫಿಂಗ್?" ಎಂದು ಕೇಳಿದ. ನಾನು ಅಂಪೈರಿನ ಕತೆ ಹೇಳಿದೆ. ಮಕ್ಕಳು ತಟ್ಟೆ ಬಿಟ್ಟು ನಕ್ಕರು. ಸದಾನಂದನೂ ನಕ್ಕ. ನಕ್ಕು ಮುಗಿಸಿ, ಬೇಸರವೇನೂ ಇಲ್ಲದ ಧ್ವನಿಯಲ್ಲಿ ಹೇಳಿದ.

"ಆ ಮ್ಯಾಚು ಆದ ಮೇಲೆ ನೀವ್ಯಾರೂ ಬರ್ಲೇ ಇಲ್ಲ ಅಲ್ವಾ ಅಣ್ಣ. ಒಂದು ಸಲ ಹಾಳಾದದ್ದಕ್ಕೆ ಎಲ್ಲ ಬಿಟ್ಟು ಹೋದ್ರು ಅಂತ ನಂಗೆ ಭಾರೀ ಸಿಟ್ಟಿತ್ತು. ಹಿಲರಿಯಣ್ಣನ ಮೇಲೆ ಹೆಚ್ಚು. ಅವರು ಊರಿಗೆ ಹೋಗುವಾಗ ಸಮೇತ ನಾನು ಹೋಗ್ಲಿಲ್ಲ. ಆ ವರ್ಷ ಇಡೀ ಆ ಸಿಟ್ಟನ್ನೇ ಎಸೆದದ್ದು ನಾನು. ಬಿಡಿ, ಈಗ ಎಂತ ಅದು."

ಬೆನ್ ಅವರಿಗೆ ಕೊಟ್ಟ ಮಾತು ಆ ಸೀಸನ್ನಿಗೆ ಮಾತ್ರ ಇತ್ತು. ಆಮೇಲೆ ಹೇಳಬಹುದಿತ್ತು, ಹೇಳಬೇಕಾದೀತು ಎಂದು ನಮಗ್ಯಾರಿಗೂ ತೋಚಿರಲಿಲ್ಲ, ಅಷ್ಟೇ. ನಾನು ಸುಮತಿಯನ್ನು ನೋಡಿದೆ. ಅವಳ ಕೈಯಲ್ಲಿ ಸಾರಿನ ಸೌಟು ಹಾಗೇ ಇತ್ತು.

"ಬರ್ತಿದ್ರು" ಎಂದಳು ಸುಮತಿ.

"ಯಾರು?"

"ಎಲ್ಲರೂ. ನೀವು ಆಡುವಾಗ ಬೇಲಿಯ ಹೊರಗೆ ಕಾರಲ್ಲಿ ಕೂತ್ಕೊಳ್ತಿದ್ರು. ಬರಬೇಡಿ ಅಂತ ನಿಮ್ಮ ಮ್ಯಾನೇಜರು ಹೇಳಿದ್ದು. ನಾನೂ ಹೇಳಿದ್ದು."

ಸದಾನಂದ ನನ್ನ ಕಡೆ ತಿರುಗಿ, "ಹಿಲರಿಯಣ್ಣನೂ?" ಎಂದ.

"ನನ್ನ ಪಕ್ಕದ ಸೀಟಿನಲ್ಲೇ ಕೂತಿದ್ದರು" ಎಂದೆ.

"ಹಿಲರಿಯಣ್ಣ? ಮಾತಾಡದೆ?"

"ಒಂದು ಮಾತೂ ಆಡದೆ."

ಅವನು ಎದ್ದು ಕೈ ತೊಳೆದುಕೊಂಡು ಬಂದ. ನನ್ನ ಫೋನನ್ನೇ ತೆಗೆದುಕೊಂಡು, ಹೆಸರು ಹುಡುಕಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಆ ಕಡೆ ಬಹಳ ಹೊತ್ತು ರಿಂಗಾಯಿತು. ಕೊನೆಗೆ ಶಿರ್ವದಿಂದ ಹಿಲರಿಯವರ ಧ್ವನಿ ಕೋಣೆ ತುಂಬಿತು. "ಹಲೋ! ಹೇಳಿ ಮಾರಾಯ್ರೆ, ಶಾಲು ಬಿತ್ತಂತೆ ಅಲ್ವಾ? ಭಾಷಣ ಯಾರದ್ದು? ಹಲೋ? ಎಂತ ಮಾತೇ ಇಲ್ಲ?"

ಸದಾನಂದ ಬಾಯಿ ತೆರೆದ, ಧ್ವನಿ ಬರಲಿಲ್ಲ. ನಾವ್ಯಾರೂ ಅವನ ಪರವಾಗಿ ಮಾತಾಡಲಿಲ್ಲ. ಅವನು ಮೇಜಿನ ಅಂಚು ಹಿಡಿದುಕೊಂಡು, ಎರಡನೆಯ ಸಲ ಪ್ರಯತ್ನಿಸಿ, "ಹಿಲರಿಯಣ್ಣ, ನಾನು ಸದಾನಂದ" ಎಂದ.

ಆ ಕಡೆ ಹಿಲರಿ ಸುಮ್ಮನಾದರು.